ವಂಶಾವಳಿಯ ಎರಡು ದಫ್ತರಗಳು

ಸೋಲಾಪುರದಿಂದ ಪುಣೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಮರಾಠಿ ತೆಲುಗುಗಳ ನಡುವೆ ಅಕ್ಕಲಕೋಟೆ ಸೀಮೆಯ ಕನ್ನಡವೂ ಕಿವಿಗೆ ಬೀಳುತ್ತದೆ. ಆಗತಾನೆ ಪರಿಚಯವಾದ ಇಬ್ಬರು ಕನ್ನಡಿಗರು ಚಹಾದ ಅಂಗಡಿಯ ಮುಂದೆ ನಿಂತು ಊರು, ಅಡ್ಡಹೆಸರು, ಬೆಡಗು, ಮನೆದೇವರು ಎಂದು ಒಂದೊಂದಾಗಿ ವಿಚಾರಿಸುತ್ತ ಹೋಗುವುದುಂಟು. ವಂಶಶೋಧನೆಯೆಂಬ ವಿದ್ಯೆಯ ಪ್ರಥಮ ಪಾಠ ಇದೇ. ಊರು ಬಿಟ್ಟವನ ಅಡ್ಡಹೆಸರು ಒಂದೆರಡು ತಲೆಮಾರಿನಲ್ಲಿ ಬದಲಾಗಬಹುದು, ಹಳ್ಳಿಯ ಹೆಸರಿಗೆ 'ಕರ' ಎಂಬ ಮರಾಠಿ ಬಾಲ ಅಂಟಿಕೊಳ್ಳಬಹುದು. ಆದರೆ ಮನೆದೇವರನ್ನು ಬದಲಿಸುವ ಧೈರ್ಯ ಯಾವ ಮನೆತನಕ್ಕೂ ಸುಲಭವಾಗಿ ಬರುವುದಿಲ್ಲವಾದ್ದರಿಂದ, ಮೂಲಸ್ಥಾನವನ್ನು ಹುಡುಕುವವನಿಗೆ ಜವಳ ತೆಗೆಯಿಸಲು ಹಿರಿಯರು ಯಾವ ಗುಡಿಗೆ ಹೋಗುತ್ತಿದ್ದರೆಂಬುದೇ ಅನೇಕ ವೇಳೆ ಸರಕಾರೀ ಕಾಗದಕ್ಕಿಂತ ಪ್ರಬಲವಾದ ಸಾಕ್ಷ್ಯವಾಗುತ್ತದೆ.

ಇಂತಹ ಪೂರ್ವಜರ ಅನ್ವೇಷಣೆಯಲ್ಲಿ ಜಗತ್ತಿನಲ್ಲಿಯೇ ಅತ್ಯಂತ ಆಸಕ್ತರೆನಿಸಿದವರಲ್ಲಿ ಐರ್ಲೆಂಡ್ ಮೂಲದವರೂ ಸೇರಿದ್ದಾರೆ. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ತಗಲಿದ ರೋಗದಿಂದ ಹುಟ್ಟಿದ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಮಡಿದು, ಅಷ್ಟೇ ಜನ ಸಮುದ್ರ ದಾಟಿದರು. ಅವರ ಮರಿಮಕ್ಕಳು ತಿರುಗಿ ನೋಡಿದಾಗ, 1922ರ ಜೂನ್ 30ರಂದು ಡಬ್ಲಿನ್ ನಗರದ ಸರಕಾರೀ ದಫ್ತರಖಾನೆ ಸುಟ್ಟುಹೋಗಿ ಶತಮಾನಗಳ ಕಡತಗಳು ಭಸ್ಮವಾಗಿದ್ದುವು. ಪೂರ್ಣವಾಗಿ ಉಳಿದ ಹಳೆಯ ಜನಗಣತಿಗಳೆಂದರೆ 1901 ಮತ್ತು 1911ರವು ಮಾತ್ರ. ಅದಕ್ಕೂ ಹಿಂದಕ್ಕೆ ಹೋಗಬೇಕಾದವನು ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳನ್ನೂ, ಹತ್ತೊಂಬತ್ತನೆಯ ಶತಮಾನದ ನಡುವೆ ಭೂಕಂದಾಯಕ್ಕಾಗಿ ಗ್ರಿಫಿತ್ ಎಂಬವನು ಮಾಡಿಸಿದ ಗೇಣಿದಾರರ ಯಾದಿಯನ್ನೂ ಆಶ್ರಯಿಸಬೇಕು.

ನಮ್ಮ ಸೀಮೆಗೂ ಇಂತಹದೇ ಒಂದು ಬಿರುಕು ಉಂಟು. 1876ರಿಂದ 78ರವರೆಗೆ ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಿದ್ದ ಬರವು ವಿಜಾಪುರ, ಸೋಲಾಪುರ, ಧಾರವಾಡಗಳ ಹಳ್ಳಿಗಳನ್ನು ಬರಿದು ಮಾಡಿತು. 1872 ಮತ್ತು 1881ರ ಗಣತಿಗಳ ನಡುವೆ ಸೋಲಾಪುರ ಜಿಲ್ಲೆಯ ಜನಸಂಖ್ಯೆ ಏರುವ ಬದಲು ಇಳಿಯಿತು. ಅದೇ ಕಾಲಕ್ಕೆ, 1877ರಲ್ಲಿ, ಸೋಲಾಪುರದಲ್ಲಿ ನೂಲಿನ ಗಿರಣಿ ಹುಟ್ಟಿ, ಅನ್ನವನ್ನರಸಿ ಬರುವವರಿಗೆ ನಗರವು ಹೊಸದೊಂದು ಗುರಿಯಾಯಿತು. ಅಕ್ಕಲಕೋಟೆಯಾದರೋ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಲೀನವಾಗುವವರೆಗೆ ಭೋಸಲೆ ಮನೆತನದ ಸಂಸ್ಥಾನವಾಗಿತ್ತು. ಹೀಗಾಗಿ ಒಂದೇ ಕುಟುಂಬದ ಎರಡು ಕವಲುಗಳ ಕಾಗದಪತ್ರಗಳು ಎರಡು ರಾಜ್ಯವ್ಯವಸ್ಥೆಗಳಲ್ಲಿ, ಹಲವು ವೇಳೆ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿ, ಹಂಚಿಹೋಗಿವೆ. 2023ರಿಂದೀಚೆಗೆ ಕುಣಬಿ ಜಾತಿಯ ಹಳೆಯ ನೋಂದಣಿಗಳ ಶೋಧಕ್ಕಾಗಿ ಮಹಾರಾಷ್ಟ್ರದ ತಹಸೀಲು ಕಚೇರಿಗಳಲ್ಲಿ ಜನನ ಮರಣದ ಹಳೆಯ ಪುಸ್ತಕಗಳ ಧೂಳು ಝಾಡಿಸಲ್ಪಟ್ಟಾಗ, ಮೋಡಿ ಓದಬಲ್ಲವರು ಎಷ್ಟು ವಿರಳರೆಂಬುದು ಎಲ್ಲರಿಗೂ ತಿಳಿಯಿತು.

ಐರಿಷರಿಗೆ ಇಲ್ಲದ ಒಂದು ಭಾಗ್ಯ ಮಾತ್ರ ಕನ್ನಡ ನಾಡಿಗಿದೆ: ಹೆಳವರು. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು, ಮನೆಮನೆಗೂ ಬಂದು ಆಯಾ ಕುಲದ ಚರಿತ್ರೆಯನ್ನೂ ಯುದ್ಧದಲ್ಲಿ ಮಡಿದ ವೀರರ ಹೆಸರುಗಳನ್ನೂ ಹೇಳುವ ಬಳ್ಳಾರಿಯ ಹೆಳವರನ್ನು ಎಡ್ಗರ್ ಥರ್ಸ್ಟನ್ 1909ರ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಸುಗ್ಗಿ ಮುಗಿದ ಮೇಲೆ ಬರುವ ಹೆಳವನು ಅಂಗಳದಲ್ಲಿ ಕುಳಿತು, ಬಟ್ಟೆಯ ಗಂಟು ಬಿಚ್ಚಿ, ಹೊತ್ತಿಗೆಯನ್ನು ತೆರೆದು, ಮೂಲಪುರುಷನಿಂದ ಹಿಡಿದು ಮನೆಯ ಯಜಮಾನನವರೆಗೆ ಒಂದೇ ಉಸಿರಿನಲ್ಲೆಂಬಂತೆ ಓದಿಹೇಳುತ್ತಾನೆ: ಯಾವ ಊರಿನಿಂದ ಎದ್ದು ಯಾವ ಊರಲ್ಲಿ ನೆಲೆಸಿದರು, ಎಷ್ಟು ಮಂದಿ ಅಣ್ಣತಮ್ಮಂದಿರು, ಯಾರ ಕವಲು ಎಲ್ಲಿಗೆ ಹೋಯಿತು ಎಂಬುದಾಗಿ. ಅನಂತರ ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು, ಬಟ್ಟೆ, ಹಣ ಪಡೆದು ಮುಂದಿನ ಮನೆಗೆ ನಡೆಯುತ್ತಾನೆ. ಇಂಥ ಮನೆಗಳು ಇಂಥ ಹೆಳವನವೆಂಬ ಹಕ್ಕು ಅವರಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ಇದನ್ನು ಭಿಕ್ಷಾವೃತ್ತಿಯೆಂದು ಕರೆದ ಆಂಗ್ಲ ಅಧಿಕಾರಿಗಳು ಕೂಲಂಕಷವಾಗಿ ವಿಚಾರಿಸಲಿಲ್ಲವೆಂದೇ ನನ್ನ ಭಾವನೆ; ದಫ್ತರ ಬರೆದು ಸಂಬಳ ಪಡೆಯುವುದಕ್ಕೂ ಇದಕ್ಕೂ ಭೇದ ಬಹಳವಿಲ್ಲ.

ಆದರೆ ಈ ಹೊತ್ತಿಗೆಯಲ್ಲಿ ಎರಡು ಮೌನಗಳಿವೆ. ಮೊದಲನೆಯದು ದತ್ತಕ: ದತ್ತುಪುತ್ರನು ಬಂದ ಕ್ಷಣದಿಂದ ವಂಶವು ಅಖಂಡವಾಗಿ ಸಾಗುತ್ತದೆ. ಎರಡನೆಯದು ಸ್ತ್ರೀಯರು, ಹೆಸರುಗಳೆಲ್ಲ ಪ್ರಾಯಶಃ ಗಂಡಸರವು. ಇಲ್ಲಿಯೇ ಆಧುನಿಕ ವಿಜ್ಞಾನದ ಎರಡನೆಯ ದಫ್ತರ ಪ್ರಯೋಜನಕ್ಕೆ ಬರುತ್ತದೆ. ವೈ ವರ್ಣತಂತುವು ತಂದೆಯಿಂದ ಮಗನಿಗೆ ಬಹುಮಟ್ಟಿಗೆ ಬದಲಾಗದೆ ಇಳಿದುಬರುವುದರಿಂದ ಅದು ಹೆಳವನ ಸರಣಿಗೆ ಸಮಾನಾಂತರ. ಎರಡು ಕವಲುಗಳ ಗಂಡಸರಲ್ಲಿ ಅದು ಹೊಂದದಿದ್ದರೆ ನಡುವೆ ದತ್ತಕವಾಗಿರಬಹುದು. ಮೈಟೊಕಾಂಡ್ರಿಯದ ಡಿಎನ್ಎಯಾದರೋ ತಾಯಿಯಿಂದ ಮಾತ್ರ ಬರುವುದು. ಯಾವ ಹೊತ್ತಿಗೆಯೂ ಬರೆಯದ ಅಜ್ಜಿ, ಮುತ್ತಜ್ಜಿ, ಅವಳ ತಾಯಿ ಎಂಬ ಸರಣಿ ಅದರಲ್ಲಿದೆ.

ಉಳಿದ ವರ್ಣತಂತುಗಳ ಕಥೆಯೇ ಬೇರೆ. ಹಳೆಯ ಸೀರೆಗಳನ್ನು ಕತ್ತರಿಸಿ ಕೌದಿ ಹೊಲಿಯುವಂತೆ ಪ್ರತಿ ತಲೆಮಾರಿನಲ್ಲಿಯೂ ತುಂಡಾಗಿ ಕೂಡುವ ಅವುಗಳಲ್ಲಿ, ಒಬ್ಬ ಪೂರ್ವಜನ ಅಂಶವು ಕಾಲಕ್ರಮದಲ್ಲಿ ಚಿಕ್ಕಚಿಕ್ಕ ಚೂರುಗಳಾಗುತ್ತದೆ. ಅಣ್ಣತಮ್ಮಂದಿರ ಮಕ್ಕಳಲ್ಲಿ ಸಮಾನಾಂಶವು ಸರಾಸರಿ ಎಂಟರಲ್ಲೊಂದು ಪಾಲು, ಅವರ ಮಕ್ಕಳ ನಡುವೆ ಮೂವತ್ತೆರಡರಲ್ಲೊಂದು, ಮುಂದಿನ ತಲೆಮಾರಿನಲ್ಲಿ 128ರಲ್ಲೊಂದು; ಈ ಕೊನೆಯ ಮಟ್ಟದಲ್ಲಿ ಹತ್ತು ಜೋಡಿಗಳಲ್ಲಿ ಒಂದಕ್ಕೆ ಪತ್ತೆಯಾಗುವಂಥ ಚೂರೊಂದೂ ಉಳಿದಿರುವುದಿಲ್ಲ. ಪರೀಕ್ಷೆಯಲ್ಲಿ ಕಾಣದವನು ಬಂಧುವಲ್ಲವೆಂದು ತೀರ್ಮಾನಿಸಲಾಗದು.

ಈ ಲೆಕ್ಕವನ್ನು ನಮ್ಮಲ್ಲಿಗೆ ನೇರವಾಗಿ ಅನ್ವಯಿಸಿದರೆ ಬರುವ ತೊಡಕು ಇನ್ನೂ ದೊಡ್ಡದು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬನಿಗೆ 1024 ಪೂರ್ವಜಸ್ಥಾನಗಳು. ಆದರೆ ಸೋದರಮಾವನಿಗೆ ಹೆಣ್ಣು ಕೊಡುವ, ಅತ್ತೆಯ ಮಗಳನ್ನು ತರುವ ನಮ್ಮಲ್ಲಿ ಅಷ್ಟು ಬೇರೆಬೇರೆ ವ್ಯಕ್ತಿಗಳು ಇರಲಾರರು. ಅತ್ತೆಯ ಮಗಳನ್ನು ಮದುವೆಯಾದವನ ಮಗುವಿಗೆ ಎಂಟು ಮಂದಿ ಮುತ್ತಜ್ಜ ಮುತ್ತಜ್ಜಿಯರಿರಬೇಕಾದಲ್ಲಿ ಆರೇ ಮಂದಿ. ಸೋದರಮಾವನನ್ನು ವರಿಸಿದವಳ ಮಗುವಿಗೋ ಒಬ್ಬರೇ ದಂಪತಿಗಳು ತಂದೆಯ ಕಡೆಯಿಂದ ಅಜ್ಜ ಅಜ್ಜಿ, ತಾಯಿಯ ಕಡೆಯಿಂದ ಮುತ್ತಜ್ಜ ಮುತ್ತಜ್ಜಿ! ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳು ಹಾರ್ವರ್ಡಿನವರೊಡನೆ 2013ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ ಭಾರತದ ಜನಸಮುದಾಯಗಳ ವ್ಯಾಪಕ ಮಿಶ್ರಣವು ಸುಮಾರು 4200ರಿಂದ 1900 ವರ್ಷಗಳ ಹಿಂದಿನ ಅವಧಿಯಲ್ಲಿ ನಡೆದು, ಅನಂತರ ಜಾತಿಯೊಳಗಣ ವಿವಾಹವು ನೆಲೆಯೂರಿತು. ಇದರ ಫಲವಾಗಿ ಒಂದೇ ಸಮುದಾಯದ ಇಬ್ಬರಲ್ಲಿ ಹತ್ತಾರು ಹಳೆಯ ಪೂರ್ವಜರಿಂದ ಬಂದ ಸಣ್ಣ ಚೂರುಗಳು ಒಟ್ಟುಗೂಡಿ, ಐದಾರು ತಲೆಮಾರು ದೂರದವರು ಎರಡು ಮೂರು ತಲೆಮಾರಿನ ದಾಯಾದಿಗಳಂತೆ ತೋರುತ್ತಾರೆ. ಜಾಣನಾದ ಶೋಧಕನು ಒಟ್ಟು ಮೊತ್ತವನ್ನು ನಂಬದೆ ಅತಿ ಉದ್ದದ ಚೂರನ್ನು ನೋಡುತ್ತಾನೆ; ಸಮೀಪದ ಪೂರ್ವಜನಿಂದ ಬಂದದ್ದು ಉದ್ದವಾಗಿರುತ್ತದೆ, ಪ್ರಾಚೀನವಾದದ್ದು ತುಂಡಾಗಿ ಸವೆದಿರುತ್ತದೆ. ಆ ಉದ್ದದ ಚೂರು ಯಾವ ಮನೆಯಿಂದ ಬಂದಿತೆಂಬುದನ್ನು ಪ್ರಯೋಗಶಾಲೆ ಹೇಳಲಾರದು.

ಆದಕಾರಣ ಚಿಂಚೋಳಿಯ ಕಾರ್ಖಾನೆಯಲ್ಲಿ ದುಡಿಯುವವನು ದೂರದ ಬಳಗವನ್ನು ಹುಡುಕಬೇಕೆಂದಿದ್ದರೆ ಡಿಎನ್ಎ ಪರೀಕ್ಷೆಯ ಲಾಲಾರಸದ ಶೀಶೆಗೆ ಹಣ ಕಟ್ಟುವುದಕ್ಕೆ ಮುಂಚೆ ಊರಿಗೆ ಹೋಗಿ ಹಿರಿಯರ ಬಾಯಿಂದ ಬೆಡಗು ಮನೆದೇವರುಗಳನ್ನು ಬರೆದುಕೊಂಡು, ಹೊಲದ ಹಳೆಯ ಸಾತಬಾರಾ ಉತಾರಗಳಲ್ಲಿ ಮುತ್ತಜ್ಜನ ಅಣ್ಣತಮ್ಮಂದಿರನ್ನು ಗುರುತಿಸಿ, ತಮ್ಮ ಮನೆಯ ಹೆಳವನು ಯಾರೆಂದು ವಿಚಾರಿಸುವುದು ಒಳ್ಳೆಯದು. ಮುಂದಿನ ಸಲ ಹೆಳವನು ಬಂದು ಹೊತ್ತಿಗೆಯ ಗಂಟು ಬಿಚ್ಚಿದಾಗ ಹೊಸ ಮೊಮ್ಮಗನ ಹೆಸರಿನೊಡನೆ ಮೊಮ್ಮಗಳ ಹೆಸರನ್ನೂ, ಸೊಸೆಯ ತವರೂರನ್ನೂ, ಅವಳ ತಾಯಿಯ ತವರೂರನ್ನೂ ಬರೆಯಿಸಬೇಕು. ಅದಕ್ಕಾಗಿ ಅವನು ಒಂದು ಸೇರು ಜೋಳ ಹೆಚ್ಚು ಕೇಳಿದರೆ ಕೊಡತಕ್ಕದ್ದೇ.