ಒಂದೇ ಪ್ರೊಟೀನು, ಎರಡು ಚಿತ್ರ

ಬಾಲಾನಗರ ಎಂದೊಡನೆ ಹೈದರಾಬಾದಿನ ಹಳಬರಿಗೆ ನೆನಪಾಗುವುದು ಐಡಿಪಿಎಲ್. ಸೋವಿಯತ್ ನೆರವಿನಿಂದ ಎದ್ದುನಿಂತ ಈ ಸರ್ಕಾರಿ ಕಾರ್ಖಾನೆಯಲ್ಲಿ ರಾಸಾಯನಿಕಗಳಿಂದ ಔಷಧ ತಯಾರಾಗುತ್ತಿತ್ತು. ಗುಳಿಗೆಗೆ ಬೇಕಾದ ಮದ್ದನ್ನು ಹೀಗೆ ರಿಯಾಕ್ಟರುಗಳಲ್ಲಿ ಕಾಯಿಸಿ, ಸೋಸಿ ತೆಗೆಯಬಹುದು. ಹೊರಗಿನ ವಸ್ತುವಿಗೆ ಅಂಟಿಕೊಳ್ಳಲು ದೇಹ ತಯಾರಿಸುವ ಪ್ರೊಟೀನಾದ ಪ್ರತಿಕಾಯವನ್ನು ಹಾಗೆ ತೆಗೆಯಲಾಗದು. ಅದನ್ನು ಜೀವಂತ ಕೋಶವೇ ಹೆಣೆಯಬೇಕು. ಅಂಥದೊಂದು ಪ್ರತಿಕಾಯದ ಕಥೆ ಅದೇ ನಗರದ ಹಬ್ಸಿಗುಡದಲ್ಲಿರುವ ಸಿಸಿಎಂಬಿ ಸಂಶೋಧನಾ ಕೇಂದ್ರದ್ದು.

ಅಲ್ಲಿನ ವೀಣಾ ಪಾರ್ನಾಯಕ್ ಅವರ ತಂಡ ಬೆನ್ನುಹತ್ತಿದ್ದ ಪ್ರೊಟೀನಿನ ಹೆಸರು ಲ್ಯಾಮಿನ್ ಎ. ನಮ್ಮ ಕೋಶಕೇಂದ್ರದ ಪೊರೆಗೆ ಒಳಮೈಯಲ್ಲಿ ಆಸರೆ ಕೊಡುವ ಜಾಲ ಲ್ಯಾಮಿನ್‌ಗಳದ್ದು. ಲ್ಯಾಮಿನ್ ಬಿ ಭ್ರೂಣದ ಮೊದಲ ದಿನಗಳಿಂದಲೂ ಇರುತ್ತದೆ. ಲ್ಯಾಮಿನ್ ಎ ಹೇರಳವಾಗುವುದು ಕೋಶಗಳು ಸ್ನಾಯು, ಚರ್ಮ ಎಂದು ತಂತಮ್ಮ ಕಸುಬು ಹಿಡಿಯತೊಡಗಿದ ಮೇಲೆ. ದೇಹ ರೂಪುಗೊಳ್ಳುವ ಬಗೆಯನ್ನು ಅರಿಯಲು ಈ ಪ್ರೊಟೀನು ಎಲ್ಲಿದೆ, ಯಾವಾಗ ಜಾಗ ಬದಲಿಸುತ್ತದೆ ಎಂದು ಕಣ್ಣಾರೆ ನೋಡಬೇಕು. ಆದರೆ ಸೂಕ್ಷ್ಮದರ್ಶಕದಡಿ ಅದು ತಾನಾಗಿ ಕಾಣುವುದಿಲ್ಲ. ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯವೊಂದು ಬೇಕು, ಆ ಪ್ರತಿಕಾಯದ ಬೆನ್ನಿಗೆ ಹೊಳೆಯುವ ಬಣ್ಣವೂ ಬೇಕು.

ಇಂಥ ಪ್ರತಿಕಾಯ ಪಡೆಯುವ ದಾರಿ ತೋರಿಸಿದವರು ಕೇಂಬ್ರಿಜ್‌ನ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್. ಇಸವಿ 1975. ಪ್ರೊಟೀನನ್ನು ಇಲಿಗೆ ಚುಚ್ಚಿದರೆ ಅದರ ಗುಲ್ಮದಲ್ಲಿ ಪ್ರತಿಕಾಯ ಮಾಡುವ ಕೋಶಗಳು ಬೆಳೆಯುತ್ತವೆ, ಆದರೆ ಹೊರತೆಗೆದರೆ ಬೇಗ ಸಾಯುತ್ತವೆ. ಅವನ್ನು ಸಾಯದೆ ವಿಭಜಿಸುತ್ತಲೇ ಇರುವ ಕ್ಯಾನ್ಸರ್ ಕೋಶಗಳೊಡನೆ ಬೆಸೆದರು. ಬೆಸೆದ ಒಂದೊಂದು ಕೋಶವನ್ನೂ ಬೇರ್ಪಡಿಸಿ ಬೆಳೆಸಿದಾಗ ಒಂದೊಂದು ಸಂತತಿಯೂ ಒಂದೇ ಬಗೆಯ ಪ್ರತಿಕಾಯವನ್ನು ಸುರಿಸತೊಡಗಿತು. ಇದೇ ಮೊನೊಕ್ಲೋನಲ್. ಈ ಕೆಲಸಕ್ಕೆ 1984ರಲ್ಲಿ ನೊಬೆಲ್ ಬಂತು.

ಒಂದೇ ಬಗೆಯದು ಎಂಬುದರಲ್ಲಿ ಬಲವೂ ಇದೆ, ಮಿತಿಯೂ ಇದೆ. ಮೊನೊಕ್ಲೋನಲ್ ಪ್ರತಿಕಾಯ ಇಡೀ ಪ್ರೊಟೀನನ್ನು ಗುರುತಿಸುವುದಿಲ್ಲ. ಅದರ ಮೈಮೇಲಿನ ಒಂದು ಚಿಕ್ಕ ತಾಣವನ್ನಷ್ಟೇ ಹಿಡಿಯುತ್ತದೆ. ಆ ತಾಣ ಮರೆಯಾಗಿದ್ದರೆ ಪ್ರೊಟೀನು ಕಣ್ಣೆದುರೇ ಇದ್ದರೂ ಚಿತ್ರದಲ್ಲಿ ಇಲ್ಲ.

ಹೈದರಾಬಾದಿನ ತಂಡಕ್ಕೆ ಇದೇ ವರವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಂಜಲಿ ಕಾರಂದೆ ಅವರ ಜೊತೆಗೂಡಿ ಇಲಿಯ ಲ್ಯಾಮಿನ್ ಎ ವಿರುದ್ಧ ಪಡೆದ ಒಂದು ಪ್ರತಿಕಾಯಕ್ಕೆ ಎಲ್‌ಎ-2ಎಚ್10 ಎಂದು ಹೆಸರಿಟ್ಟರು. ಇದು ಮನುಷ್ಯರ ಹೀಲಾ ಕೋಶಗಳಲ್ಲಿ, ಎಲ್ಲರೂ ಎದುರುನೋಡುವಂತೆ ಕೋಶಕೇಂದ್ರದ ಅಂಚನ್ನು ಬೆಳಗಲಿಲ್ಲ. ಒಳಗೆ ಚದುರಿದ ಚುಕ್ಕೆಗಳನ್ನು ಬೆಳಗಿತು. ಆರ್‌ಎನ್‌ಎಯನ್ನು ಕತ್ತರಿಸಿ ಜೋಡಿಸುವ ಪ್ರೊಟೀನುಗಳು ಬೀಡುಬಿಟ್ಟಿರುವುದೂ ಅದೇ ಚುಕ್ಕೆಗಳಲ್ಲಿ. 1999ರಲ್ಲಿ ಪ್ರಕಟವಾದ ಈ ನೋಟ ಲ್ಯಾಮಿನ್ ಎ ಬರಿಯ ಆಸರೆಯಲ್ಲ, ಜೀನ್‌ಗಳ ಕೆಲಸಕ್ಕೂ ಅದರ ನಂಟಿರಬಹುದು ಎಂಬ ಸುಳಿವು ಕೊಟ್ಟಿತು. ಅಂಚಿಗೆ ಹತ್ತುವ ಬೇರೆ ಪ್ರತಿಕಾಯವೊಂದನ್ನೇ ನೆಚ್ಚಿಕೊಂಡಿದ್ದರೆ ಈ ಚುಕ್ಕೆಗಳು ಇಷ್ಟು ನಿಚ್ಚಳವಾಗಿ ಕಾಣುತ್ತಿರಲಿಲ್ಲ.

ಎರಡು ವರ್ಷಗಳ ಬಳಿಕ, ಜ್ಯೋತ್ಸ್ನಾ ಧವನ್ ಅವರೂ ಸೇರಿದ ತಂಡ ಇದೇ ಪ್ರತಿಕಾಯವನ್ನು ಸ್ನಾಯು ಬೆಳೆಯುವ ಹಾದಿಗೆ ಹಿಡಿಯಿತು. ಇಲಿಯ ಎಳೆಯ ಸ್ನಾಯುಕೋಶಗಳು ವಿಭಜನೆ ನಿಲ್ಲಿಸಿ, ಒಂದರೊಳಗೊಂದು ಬೆರೆತು ಉದ್ದನೆಯ ನಾರುಗಳಾಗುತ್ತವೆ. ಆ ಹೊತ್ತಿಗೆ ಚುಕ್ಕೆಗಳು ಮಾಯವಾಗಿದ್ದವು. ಬೇರೆ ಪ್ರತಿಕಾಯ ತೋರಿಸುವ ಅಂಚಿನ ಜಾಲ ಮಾತ್ರ ಉಳಿದಿತ್ತು.

ಇದು ಪ್ರಯೋಗಾಲಯದ ಕುತೂಹಲವಷ್ಟೇ ಅಲ್ಲ. ಲ್ಯಾಮಿನ್ ಎ ಜೀನ್ ಕೆಟ್ಟರೆ ಎಮರಿ-ಡ್ರೈಫಸ್ ಎಂಬ ಸ್ನಾಯು ಸವೆತದ ರೋಗ ಬರುತ್ತದೆಂದು ಪ್ಯಾರಿಸ್ಸಿನ ಜಿಸೆಲ್ ಬೋನ್ ಮತ್ತು ಸಂಗಡಿಗರು ತೋರಿಸಿದ್ದೂ 1999ರಲ್ಲೇ. 2003ರಲ್ಲಿ ಅದೇ ಜೀನಿನ ಒಂದೇ ಅಕ್ಷರದ ದೋಷ, ಎಳೆಯ ಮಕ್ಕಳಿಗೆ ಮುಪ್ಪು ತರುವ ಪ್ರೊಜೀರಿಯಾಕ್ಕೆ ಕಾರಣವೆಂದು ತಿಳಿಯಿತು. ದೇಹದ ಬಹುಪಾಲು ಕೋಶಗಳಲ್ಲಿರುವ ಒಂದು ಪ್ರೊಟೀನು ಕೆಟ್ಟಾಗ ಒಬ್ಬರಲ್ಲಿ ಸ್ನಾಯುವೇ ಏಕೆ ಸೋಲುತ್ತದೆ ಎಂಬ ಪ್ರಶ್ನೆ ಇನ್ನೂ ಸಂಶೋಧಕರನ್ನು ದುಡಿಸುತ್ತಿದೆ.

ಇಂಥ ಹುಡುಕಾಟಕ್ಕೆ ಪ್ರತಿಕಾಯಗಳನ್ನೇ ನೆಚ್ಚಬೇಕು, ಆದರೆ ಮಾರುಕಟ್ಟೆಯ ಎಲ್ಲ ಪ್ರತಿಕಾಯಗಳೂ ನಂಬಿಕೆಗೆ ಅರ್ಹವಲ್ಲ. ಕೆಲವು ಬೇಡದ ಪ್ರೊಟೀನಿಗೂ ಅಂಟುತ್ತವೆ. 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಸಹಿ ಹಾಕಿ, ಪ್ರತಿಕಾಯಗಳಿಗೆ ಖಚಿತ ಗುರುತು ಮತ್ತು ಮಾನದಂಡ ಬೇಕೆಂದು ಒತ್ತಾಯಿಸಿದರು. ಹೊಣೆಯರಿತ ಪ್ರಯೋಗಾಲಯದಲ್ಲಿ ಆ ಪ್ರೊಟೀನೇ ಇಲ್ಲದ ಕೋಶಕ್ಕೂ ಪ್ರತಿಕಾಯವನ್ನು ಹಾಕಿ ನೋಡುತ್ತಾರೆ. ಅಲ್ಲೂ ಬೆಳಕು ಕಂಡರೆ ಅದನ್ನು ಬದಿಗಿಡುತ್ತಾರೆ.

ಜೀವವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳು ಹಸಿರು, ಕೆಂಪು ಹೊಳೆಯುವ ಕೋಶದ ಚಿತ್ರ ಕಂಡಾಗಲೆಲ್ಲ ಅದರಡಿಯ ವಿವರವನ್ನೂ ಓದಬೇಕು: ಯಾವ ಪ್ರತಿಕಾಯ, ಅದು ಹಿಡಿಯುವ ತಾಣ ಯಾವುದು, ಅದನ್ನು ಪರೀಕ್ಷಿಸಿದ್ದು ಹೇಗೆ?