ಅರಗಿನ ತಟ್ಟೆಯಲ್ಲಿ ಡೊಬ್ರೊವೆನ್

ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ತಮ್ಮ ಮೂರು ಪಿಯಾನೊ ಕನ್ಸರ್ಟೊಗಳನ್ನು 1947ರಲ್ಲಿ ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ತಾವೇ ನುಡಿಸಿದರು. ಎಚ್‌ಎಂವಿ ಅವನ್ನು ತಟ್ಟೆಗಳಿಗೆ ಇಳಿಸಿತು. ಖರ್ಚು ಮೈಸೂರಿನದು. ಜಯಚಾಮರಾಜ ಒಡೆಯರ್ ಕೊಟ್ಟ ಹಣ ಇಲ್ಲದಿದ್ದರೆ ಆ ಮುದ್ರಣವೇ ಆಗುತ್ತಿರಲಿಲ್ಲವೇನೊ; ಮೂರನೆಯ ಕನ್ಸರ್ಟೊ ಅವರಿಗೇ ಅರ್ಪಿತ. ದೊರೆಯನ್ನೂ ಸಂಯೋಜಕರನ್ನೂ ಜನ ನೆನೆಯುತ್ತಾರೆ. ಎರಡನೆಯ ಮತ್ತು ಮೂರನೆಯ ಕನ್ಸರ್ಟೊಗಳಲ್ಲಿ ವಾದ್ಯವೃಂದವನ್ನು ನಡೆಸಿದ ಇಸಾಯ್ ಡೊಬ್ರೊವೆನ್ (1891–1953) ಮಾತ್ರ ಮರೆವಿಗೆ ಸರಿದಿದ್ದಾರೆ. ಗೊರಗೊರ ಸದ್ದಿನ ಹಳೆಯ ತಟ್ಟೆಯೊಂದು ಇಂಥವರ ಕಸುಬಿನ ಬಗ್ಗೆ ಸಾಕ್ಷಿ ಹೇಳಬಲ್ಲದೇ? ಹೇಳಬಲ್ಲದು, ಆದರೆ ಅದಕ್ಕೆ ಗೊತ್ತಿರುವುದನ್ನಷ್ಟೇ ಕೇಳಬೇಕು.

ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಗಳಿಗೆ ಅರಗೇ ಮೂಲ. ಅದರಲ್ಲಿ ಬಹುಪಾಲು ಭಾರತದ ಕಾಡುಗಳಿಂದ ಹೋಗುತ್ತಿತ್ತು. ಗಟ್ಟಿತನಕ್ಕೆಂದು ಬೆರೆಸಿದ ಕಲ್ಲಿನ ಪುಡಿಯ ಮೇಲೆ ಮುಳ್ಳು ಉಜ್ಜಿದಾಗ ಹುಟ್ಟುವ ಸದ್ದು ವಾದ್ಯಗಳ ಸೂಕ್ಷ್ಮವಾದ ಮೇಲುಕಂಪನಗಳನ್ನು ನುಂಗುತ್ತದೆ. ಹಾಗಾಗಿ ಪಿಟೀಲುಗಳ ನಾದದ ಹೊಳಪನ್ನು ಕೇಳಿ ತೀರ್ಪು ಕೊಡುವಂತಿಲ್ಲ. ಯಾವ ವಾದ್ಯ ಎಷ್ಟು ಜೋರು ಎಂಬುದೂ ಅರ್ಧ ಮೈಕು ಇಟ್ಟವನ ತೀರ್ಮಾನ. ನಂಬಬಹುದಾದದ್ದು ಕಾಲ. ತಟ್ಟೆಯ ವೇಗವೇ ತಪ್ಪಿದ್ದರೆ ಎಂದು ಕೇಳಬಹುದು. ವೇಗ ತಪ್ಪಿದರೆ ಶ್ರುತಿಯೂ ತಪ್ಪುತ್ತದೆ: ಸುಮಾರು ಶೇ 6ರಷ್ಟು ಬೇಗ ತಿರುಗಿದರೆ ಷಡ್ಜ ಕೋಮಲ ರಿಷಭವಾಗಿ ಕೇಳುತ್ತದೆ. ಪಿಯಾನೊ ಮೊದಲೇ ಶ್ರುತಿ ಮಾಡಿಟ್ಟ ವಾದ್ಯ, ನುಡಿಸುವಾಗ ಜಾರಿಸಲಾಗದು. ಅದರ ಸ್ವರವನ್ನು ಅಳೆದು ತಟ್ಟೆಯ ನಿಜವಾದ ವೇಗವನ್ನು, ಅಲ್ಲಿಂದ ಸಂಗೀತದ ಲಯವನ್ನು ತಿಳಿಯಬಹುದು. 12 ಇಂಚಿನ ತಟ್ಟೆಯ ಒಂದು ಬದಿಗೆ ನಾಲ್ಕು ನಿಮಿಷಕ್ಕಿಂತ ತುಸು ಹೆಚ್ಚು ಹಿಡಿಯುತ್ತಿತ್ತಷ್ಟೇ, ಆ ಅವಸರಕ್ಕೆ ಲಯ ಕೆಟ್ಟಿರಬಹುದು ಎಂಬ ಆಕ್ಷೇಪವೂ ಇದೆ. ಪೂರ್ತಿ ತುಂಬಿದ ಬದಿಗಳನ್ನು ಜಾಗ ಮಿಕ್ಕಿರುವ ಬದಿಗಳೊಡನೆ ಹೋಲಿಸಿದರೆ ಅದೂ ಬಯಲಾಗುತ್ತದೆ.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ. ಕನ್ಸರ್ಟೊದಲ್ಲಿ ಲಯ ಹಿಡಿಯುವವನು ಪಿಯಾನೊ ವಾದಕ; ಇಲ್ಲಿ ಆತನೇ ಸಂಯೋಜಕ. ಹೀಗಿರುವಾಗ ಡೊಬ್ರೊವೆನ್‌ರ ಪಾಲು ಯಾವುದು? ಪಿಯಾನೊ ಸುಮ್ಮನಿರುವ, ವಾದ್ಯವೃಂದವೊಂದೇ ನುಡಿಯುವ ಭಾಗಗಳು ಮುಖ್ಯವಾಗಿ ಅವರವು. ಪಿಯಾನೊ ಜೊತೆಗಿರುವ ಕಡೆ ಅವರ ಕೌಶಲ ಇರುವುದು ಸಾಥ್ ಕೊಡುವುದರಲ್ಲಿ. ಒಳ್ಳೆಯ ತಬಲಾ ಸಾಥಿಯ ಬೆಲೆ ತಿಳಿದ ವಿಜಯಪುರದ ಕೇಳುಗರಿಗೆ ಇದನ್ನು ವಿವರಿಸಬೇಕಿಲ್ಲ. ಪಿಯಾನೊದ ಸುತ್ತಿಗೆ ತಂತಿಗೆ ಬಡಿದ ಕ್ಷಣಕ್ಕೂ ವಾದ್ಯವೃಂದ ಎತ್ತಿಕೊಂಡ ಕ್ಷಣಕ್ಕೂ ನಡುವಿನ ಅಂತರವನ್ನು ಇವತ್ತು ಕಂಪ್ಯೂಟರಿನಲ್ಲಿ ಸೆಕೆಂಡಿನ ನೂರನೇ ಭಾಗದ ಆಸುಪಾಸಿನಲ್ಲಿ ಗುರುತಿಸಬಹುದು. ಆದರೆ ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ಹಿಂದೆ ಕೂತ ವಾದಕರ ಸ್ವರ ಮೈಕಿಗೆ ತಡವಾಗಿಯೇ ಮುಟ್ಟುತ್ತದೆ, ಅದನ್ನು ಕಳೆದು ಎಣಿಸಬೇಕು. ಮಾರ್ದನಿ ಮಿತಿಯಲ್ಲಿದ್ದರೆ ಮಾತ್ರ ಈ ಲೆಕ್ಕ ನಡೆದೀತು. ಮುಹಮ್ಮದ್ ಆದಿಲ್‌ಶಾಹನ ಗೋಲಗುಮ್ಮಟದೊಳಗೆ ಇದನ್ನೇ ನುಡಿಸಿದ್ದರೆ ಒಂದರ ಮೇಲೊಂದು ಬಿದ್ದ ಸ್ವರಗಳಲ್ಲಿ ಯಾವ ಆರಂಭವೂ ಸಿಗುತ್ತಿರಲಿಲ್ಲ. ಇನ್ನೊಂದು ಅನುಕೂಲವೂ ಒದಗಿದೆ. ಮೊದಲ ಕನ್ಸರ್ಟೊವನ್ನು ನಡೆಸಿದವರು ಜಾರ್ಜ್ ವೆಲ್ಡನ್. ಪಿಯಾನೊ ವಾದಕರು ಮೆಟ್ನರ್ ಅವರೇ, ವಾದ್ಯವೃಂದ ಅದೇ, ವರ್ಷವೂ ಅದೇ. ಬದಲಾದದ್ದು ಕೃತಿ ಮತ್ತು ಮುಂದೆ ನಿಂತವರು. ಕೃತಿ ಬೇರೆಯಾದ್ದರಿಂದ ಪ್ರಯೋಗ ಶುದ್ಧವಲ್ಲ, ನಿಜ. ಸಂಗೀತದ ಇತಿಹಾಸದಲ್ಲಿ ಇಷ್ಟು ಸಿಗುವುದೂ ಅಪರೂಪ.

ಮಹಾರಾಜರ ಹಣದ ಬೆಂಬಲ ಪಡೆದ ಇನ್ನೊಂದು ಕಛೇರಿಯನ್ನು ಪಕ್ಕಕ್ಕಿಟ್ಟು ನೋಡಿ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ರ ನಾಲ್ಕು ಕೊನೆಯ ಹಾಡುಗಳ ಮೊದಲ ಪ್ರದರ್ಶನ ನಡೆಯಿತು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ಫಿಲ್‌ಹಾರ್ಮೋನಿಯವನ್ನು ನಡೆಸಿದವರು ಜಗತ್ಪ್ರಸಿದ್ಧ ಫುರ್ಟ್‌ವೆಂಗ್ಲರ್. ಅದನ್ನು ಹಿಡಿದಿಟ್ಟದ್ದು ಮೆದು ಲೇಪದ ತಟ್ಟೆಗಳಲ್ಲಿ; ಪ್ರತಿಸಲ ಮುಳ್ಳು ಹರಿದಾಗಲೂ ಗೀರು ಸವೆಯುವ ಜಾತಿ ಅದು. ಉಳಿದಿರುವ ಧ್ವನಿ ಬಹಳ ಹಾಳಾಗಿದೆ. ಡೊಬ್ರೊವೆನ್‌ರ ತಟ್ಟೆಗಳನ್ನಾದರೋ ಲೋಹದ ಅಚ್ಚಿನಿಂದ ಮಾರಾಟಕ್ಕೆಂದೇ ಒತ್ತಿದ್ದರು. ಒಂದು ಪ್ರತಿ ಸವೆದರೆ ಇನ್ನೊಂದು ಸಿಗುತ್ತದೆ. ಅಂದಿನ ಫುರ್ಟ್‌ವೆಂಗ್ಲರ್‌ಗಿಂತ 1947ರ ಡೊಬ್ರೊವೆನ್‌ರನ್ನೇ ನಾವು ಹೆಚ್ಚು ನಿಖರವಾಗಿ ಅಳೆಯಬಲ್ಲೆವು.