ಮಾಂಡೋವಿಯ ಉಪ್ಪುಗಾಳಿ

ಬೆಳಗಾವಿ ಜಿಲ್ಲೆಯ ಭೀಮಗಡ ಅರಣ್ಯದಲ್ಲಿ ಹುಟ್ಟುವ ಮಹದಾಯಿ ಗೋವಾದಲ್ಲಿ ಮಾಂಡೋವಿ ಎನಿಸಿಕೊಳ್ಳುತ್ತದೆ. ಈ ಪುಟ್ಟ ರಾಜ್ಯಕ್ಕೆ ಬಹುಕಾಲ ನದಿಗಳೇ ಹೆದ್ದಾರಿ. ಆಚೆ ದಡ ಸೇರಲು ದೋಣಿಯೇ ಗತಿ.

ಪೋರ್ಚುಗೀಸರು 1630ರ ದಶಕದಲ್ಲಿ ಪಣಜಿ ಮತ್ತು ರಿಬಂದರ್ ನಡುವಿನ ಜವುಗು ನೆಲದ ಮೇಲೆ ಸುಮಾರು 3 ಕಿಲೋಮೀಟರ್ ಉದ್ದದ ಕಲ್ಲಿನ ದಾರಿಯನ್ನು ಕಟ್ಟಿದರು. ವೈಸರಾಯ್ ಲಿನ್ಹಾರೆಸ್‌ನ ಹೆಸರಿನ ಈ ಕಟ್ಟೆಯ ಮೇಲೆ ಇಂದಿಗೂ ವಾಹನಗಳು ಓಡಾಡುತ್ತವೆ. ಆದರೆ ಪಣಜಿಯ ಬಳಿ ಮಾಂಡೋವಿಗೇ ಅಡ್ಡಲಾಗಿ ಸೇತುವೆ ಬಂದದ್ದು 1961ರ ವಿಮೋಚನೆಯ ನಂತರ. ಇಪ್ಪತ್ತು ವರ್ಷವೂ ತುಂಬದ ಆ ಕಾಂಕ್ರೀಟ್ ಸೇತುವೆ 1986ರ ಜುಲೈ 5ರಂದು ಕುಸಿದುಬಿತ್ತು.

ಹಳೆಯದು ಉಳಿದು ಹೊಸದು ಬಿದ್ದದ್ದೇಕೆ? ಕಲ್ಲಿನ ಕಟ್ಟೆಯಲ್ಲಿ ತುಕ್ಕು ಹಿಡಿಯುವ ಉಕ್ಕಿಲ್ಲ. ತನ್ನ ಭಾರದಿಂದಲೇ ಅದು ನಿಲ್ಲುತ್ತದೆ. ಕಾಂಕ್ರೀಟ್ ಸೇತುವೆಯ ಬಲವಾದರೋ ಒಳಗೆ ಬಿಗಿದ ಉಕ್ಕಿನ ತಂತಿಗಳಲ್ಲಿದೆ. ಕಡಲಿನ ಉಪ್ಪು ಮತ್ತು ತೇವ ಅವನ್ನು ಕಣ್ಣಿಗೆ ಕಾಣದಂತೆ ಸವೆಸುತ್ತವೆ.

ಹಾಗೆಂದು ಆಳವಾದ ನದಿಗೆ, ಹಡಗು ಸಾಗುವಷ್ಟು ತೆರಪು ಬಿಟ್ಟು, ಕಲ್ಲಿನ ಕಟ್ಟೆ ಹಾಕಲಾಗದು. ಸೇತುವೆ ಬಿದ್ದ ಮೇಲೆ ಜನ ಮತ್ತೆ ಫೆರಿ ದೋಣಿಗಳಿಗೆ ಮರಳಬೇಕಾಯಿತು. ಆಮೇಲೆ ಹೊಸ ಸೇತುವೆಗಳು ಬಂದವು. 2019ರಲ್ಲಿ ಅಟಲ್ ಸೇತುವೂ ತೆರೆಯಿತು. ಕರಾವಳಿಯಲ್ಲಿ ಸೇತುವೆ ಕಟ್ಟುವುದರಷ್ಟೇ, ಅದರ ಒಳಗಿನ ಉಕ್ಕನ್ನು ಆಗಾಗ ಪರೀಕ್ಷಿಸುವುದೂ ಮುಖ್ಯ.